ಒಂದು ಪುಟಕ್ಕೆ ಐವತ್ತೊಂದು ಕ್ವೆರಿ: ಸಂಬಂಧಿತ ದಾಖಲೆಗಳನ್ನು ಡೇಟಾಬೇಸ್‌ನಿಂದ ತರುವ ಬಗೆ

ಗ್ರಂಥಾಲಯದ ಪುಸ್ತಕಪಟ್ಟಿಯನ್ನು ತೋರಿಸುವ ಒಂದು ವೆಬ್ ಪುಟವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಪುಟದಲ್ಲಿ 50 ಪುಸ್ತಕಗಳಿವೆ. ಪ್ರತಿ ಪುಸ್ತಕದ ಪಕ್ಕದಲ್ಲಿ ಲೇಖಕರ ಹೆಸರು, ಕೆಳಗೆ ಓದುಗರು ಬರೆದ ವಿಮರ್ಶೆಗಳು ಮತ್ತು ಆ ಪುಸ್ತಕ ಯಾವ ಯಾವ ವಿಷಯಗಳಿಗೆ ಸೇರುತ್ತದೆ ಎಂಬ ವಿವರ ಇದೆ. ನೋಡುವವರ ಕಣ್ಣಿಗೆ ಇದು ಒಂದೇ ಪಟ್ಟಿ. ಡೇಟಾಬೇಸ್‌ನಲ್ಲಿ ಮಾತ್ರ ಪುಸ್ತಕಗಳು ಒಂದು ಟೇಬಲ್‌ನಲ್ಲಿ, ಲೇಖಕರು ಇನ್ನೊಂದರಲ್ಲಿ, ವಿಮರ್ಶೆಗಳು ಮತ್ತೊಂದರಲ್ಲಿ ಇರುತ್ತವೆ. ಪುಸ್ತಕದ ಸಾಲಿನಲ್ಲಿ ಲೇಖಕರ ಹೆಸರು ಇರುವುದಿಲ್ಲ, ಅವರ ಐಡಿ ಮಾತ್ರ ಇರುತ್ತದೆ. ಲೇಖಕರ ಹೆಸರಿನಲ್ಲಿ ಒಂದಕ್ಷರ ತಿದ್ದಬೇಕಾದರೆ ಒಂದೇ ಕಡೆ ತಿದ್ದಿದರೆ ಸಾಕು ಎನ್ನುವ ಅನುಕೂಲ ಇದರಿಂದ ಸಿಗುತ್ತದೆ. ಮಾಹಿತಿಯನ್ನು ಹೀಗೆ ಬಿಡಿಸಿಡುವ ಕ್ರಮಕ್ಕೆ ಅಡಿಪಾಯ ಹಾಕಿದ್ದು ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ರಿಲೇಷನಲ್ ಮಾದರಿಯ ಪ್ರಬಂಧ. ಬಿಡಿಸಿಟ್ಟದ್ದನ್ನು ತೋರಿಸುವ ಹೊತ್ತಿಗೆ ಮತ್ತೆ ಜೋಡಿಸಲೇಬೇಕು; ಆ ಜೋಡಣೆ ಎಲ್ಲಿ, ಯಾವಾಗ, ಎಷ್ಟು ಕ್ವೆರಿಗಳಲ್ಲಿ, ಅಂದರೆ ಡೇಟಾಬೇಸ್‌ಗೆ ಕಳುಹಿಸುವ ಎಷ್ಟು ಕೋರಿಕೆಗಳಲ್ಲಿ, ನಡೆಯಬೇಕು ಎಂಬುದೇ ಈ ಲೇಖನದ ವಿಷಯ.

ಇಂದು ಹೆಚ್ಚಿನ ವೆಬ್ ಅಪ್ಲಿಕೇಶನ್‌ಗಳು ಡೇಟಾಬೇಸ್‌ನೊಡನೆ ನೇರವಾಗಿ ಮಾತಾಡುವುದಿಲ್ಲ. ಜಾವಾದಲ್ಲಿ ಹೈಬರ್ನೇಟ್, ರೂಬಿಯಲ್ಲಿ ರೈಲ್ಸ್‌ನ ಆಕ್ಟಿವ್ ರೆಕಾರ್ಡ್, ಪೈಥಾನ್‌ನಲ್ಲಿ ಜ್ಯಾಂಗೋ ಅಥವಾ ಎಸ್‌ಕ್ಯೂಎಲ್ ಆಲ್ಕೆಮಿ, ಪಿಎಚ್‌ಪಿಯಲ್ಲಿ ಲಾರಾವೆಲ್‌ನ ಎಲೊಕ್ವೆಂಟ್ ಹೀಗೆ ಒಂದಲ್ಲ ಒಂದು ಓಆರ್‌ಎಂ (ಆಬ್ಜೆಕ್ಟ್-ರಿಲೇಷನಲ್ ಮ್ಯಾಪರ್) ನಡುವೆ ನಿಂತು, ಟೇಬಲ್‌ನ ಸಾಲುಗಳನ್ನು ಆಬ್ಜೆಕ್ಟ್‌ಗಳಾಗಿ ಮಾಡಿ ಕೊಡುತ್ತದೆ. ಆಗ ನಾವು ಬರೆಯುವ ಕೋಡ್ ತುಂಬ ಸರಳವಾಗಿ ಕಾಣುತ್ತದೆ: ಪುಸ್ತಕಗಳನ್ನು ತರಿಸಿಕೊಂಡು, ಲೂಪ್ ಹಾಕಿ, ಒಳಗೆ ‘ಪುಸ್ತಕ.ಲೇಖಕ.ಹೆಸರು’ ಎಂದು ಬರೆದರೆ ಕೆಲಸ ಮುಗಿಯಿತು. ತೊಂದರೆ ಆ ಎರಡು ಚುಕ್ಕಿಗಳಲ್ಲಿದೆ. ಎರಡನೆಯ ಚುಕ್ಕಿ ಈಗಾಗಲೇ ಮೆಮೊರಿಯಲ್ಲಿರುವ ಆಬ್ಜೆಕ್ಟ್‌ನಿಂದ ಹೆಸರನ್ನು ಎತ್ತಿಕೊಡುತ್ತದೆ, ಅದಕ್ಕೆ ತಗಲುವ ಸಮಯ ಲೆಕ್ಕಕ್ಕೇ ಬರುವುದಿಲ್ಲ. ಮೊದಲನೆಯ ಚುಕ್ಕಿಯಾದರೋ ನೆಟ್‌ವರ್ಕ್ ದಾಟಿ ಡೇಟಾಬೇಸ್ ಸರ್ವರ್‌ನ ಬಾಗಿಲು ತಟ್ಟಿ ಉತ್ತರ ಬರುವವರೆಗೆ ಕಾಯುತ್ತದೆ. ಎರಡೂ ಬರೆಯುವಾಗ ಒಂದೇ ತರಹ ಕಾಣುತ್ತವೆ.

ಬೇಕಾದಾಗ ಮಾತ್ರ ತರುವ ಈ ಕ್ರಮಕ್ಕೆ ಲೇಜಿ ಲೋಡಿಂಗ್ ಎಂದು ಹೆಸರು. ಪುಸ್ತಕ ಬಂದಾಗ ಅದರ ಲೇಖಕರ ಜಾಗದಲ್ಲಿ ನಿಜವಾದ ಲೇಖಕರ ವಿವರ ಇರುವುದಿಲ್ಲ, ಐಡಿಯನ್ನಷ್ಟೇ ಬಲ್ಲ ಒಂದು ಬದಲಿ ಆಬ್ಜೆಕ್ಟ್ ಅಥವಾ ಖಾಲಿ ಜಾಗ ಇರುತ್ತದೆ. ಯಾರಾದರೂ ಅದನ್ನು ಮುಟ್ಟಿದ ಕ್ಷಣ ಓಆರ್‌ಎಂ ಒಂದು ಕ್ವೆರಿ ಕಳುಹಿಸಿ ಅದನ್ನು ತುಂಬಿಸುತ್ತದೆ. ಒಂದೇ ಪುಸ್ತಕದ ವಿವರ ತೋರಿಸುವ ಪುಟದಲ್ಲಿ ಇದು ಒಳ್ಳೆಯ ಏರ್ಪಾಡೇ: ಲೇಖಕರ ವಿವರ ಬೇಡವಾದರೆ ತರುವ ಶ್ರಮವೇ ಇಲ್ಲ, ಬೇಕಾದರೆ ಒಂದು ಕ್ವೆರಿ ಹೆಚ್ಚು. ಪಟ್ಟಿಯ ಪುಟದಲ್ಲಿ ಇದೇ ಏರ್ಪಾಡು ತಿರುಗಿ ಬೀಳುತ್ತದೆ. ಡೆವಲಪ್‌ಮೆಂಟ್ ಸರ್ವರ್‌ನಲ್ಲಿ ಕ್ವೆರಿ ಲಾಗ್ ತೆರೆದಿಟ್ಟು ಅಂಥ ಪುಟವನ್ನೊಮ್ಮೆ ಲೋಡ್ ಮಾಡಿ ನೋಡಿ. ಮೊದಲು ‘50 ಪುಸ್ತಕಗಳನ್ನು ಕೊಡು’ ಎಂಬ ಒಂದು ಸಾಲು ಬರುತ್ತದೆ. ಆಮೇಲೆ ‘ಐಡಿ 17 ಇರುವ ಲೇಖಕರನ್ನು ಕೊಡು’, ‘ಐಡಿ 4 ಇರುವ ಲೇಖಕರನ್ನು ಕೊಡು’, ‘ಐಡಿ 92 ಇರುವ ಲೇಖಕರನ್ನು ಕೊಡು’ ಎಂದು ಸಂಖ್ಯೆ ಮಾತ್ರ ಬದಲಾಗುತ್ತಾ ಅದೇ ವಾಕ್ಯ ಐವತ್ತು ಸಲ ಪರದೆಯ ಮೇಲೆ ಓಡುತ್ತದೆ. ಇಬ್ಬರು ಮೂವರು ಲೇಖಕರನ್ನು ಎರಡೆರಡು ಸಲ ಕೇಳಿರುವುದೂ ಅಲ್ಲೇ ಕಾಣುತ್ತದೆ. ಪಟ್ಟಿಗೆ ಒಂದು ಕ್ವೆರಿ, ಪಟ್ಟಿಯಲ್ಲಿರುವ ಎನ್ ಸಾಲುಗಳಿಗೆ ಎನ್ ಕ್ವೆರಿ; ಆದ್ದರಿಂದಲೇ ಡೆವಲಪರ್‌ಗಳು ಇದನ್ನು ಎನ್ ಪ್ಲಸ್ ಒನ್ ಸಮಸ್ಯೆ ಎನ್ನುತ್ತಾರೆ. ವಿಮರ್ಶೆ ಮತ್ತು ವಿಷಯಗಳನ್ನೂ ಸೇರಿಸಿದರೆ ಐವತ್ತೊಂದು ನೂರೈವತ್ತೊಂದಾಗುತ್ತದೆ. ಪ್ರತಿ ವಿಮರ್ಶೆಯ ಪಕ್ಕ ಅದನ್ನು ಬರೆದವರ ಹೆಸರೂ ಬೇಕೆಂದರೆ ಎಣಿಕೆ ಸಾವಿರ ದಾಟಬಹುದು.

ಇದು ಏಕೆ ದುಬಾರಿ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕಾರಣವನ್ನು ತಪ್ಪಾಗಿ ತಿಳಿದರೆ ಪರಿಹಾರವೂ ತಪ್ಪುತ್ತದೆ. ಪ್ರೈಮರಿ ಕೀ, ಅಂದರೆ ಸಾಲನ್ನು ಗುರುತಿಸುವ ಐಡಿ, ಹಿಡಿದು ಒಂದು ಸಾಲನ್ನು ಹುಡುಕುವುದು ಡೇಟಾಬೇಸ್‌ಗೆ ಕಷ್ಟದ ಕೆಲಸವೇ ಅಲ್ಲ. ಸಮಯ ಹೋಗುವುದು ಓಡಾಟದಲ್ಲಿ: ಕ್ವೆರಿ ನೆಟ್‌ವರ್ಕ್ ದಾಟಿ ಹೋಗಬೇಕು, ಉತ್ತರ ವಾಪಸ್ ಬರಬೇಕು, ಅದು ಬಂದ ಮೇಲಷ್ಟೇ ಲೂಪ್‌ನ ಮುಂದಿನ ಸುತ್ತು ಶುರುವಾಗಬೇಕು. ಒಂದು ಓಡಾಟಕ್ಕೆ ಒಂದು ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ 151 ಕ್ವೆರಿಗಳಿಗೆ 151 ಮಿಲಿಸೆಕೆಂಡ್, ಅದು ಹೇಗೋ ನಡೆದುಹೋಗುತ್ತದೆ. ಆದರೆ ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಡೇಟಾಬೇಸ್ 1,000 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿಬರಲು ಬೆಳಕಿಗೇ 10 ಮಿಲಿಸೆಕೆಂಡ್ ಬೇಕು. ಆಗ ಅದೇ ಪುಟ ಕಾಯುವುದರಲ್ಲೇ ಒಂದೂವರೆ ಸೆಕೆಂಡ್ ಕಳೆಯುತ್ತದೆ, ಎಷ್ಟೇ ಬಲವಾದ ಸರ್ವರ್ ತಂದರೂ ಈ ಸಮಯ ಕಡಿಮೆಯಾಗುವುದಿಲ್ಲ. ಇದಕ್ಕೆ ವಿರುದ್ಧ ದಿಕ್ಕಿನ ಸಾಕ್ಷಿ ಎಸ್‌ಕ್ಯೂಲೈಟ್. ಅದು ಬೇರೆ ಸರ್ವರ್ ಆಗಿರದೆ ಅಪ್ಲಿಕೇಶನ್‌ನ ಒಳಗೇ ಒಂದು ಲೈಬ್ರರಿಯಾಗಿ ಓಡುತ್ತದೆ, ಆದ್ದರಿಂದ ಕ್ವೆರಿ ಕಳುಹಿಸುವುದೆಂದರೆ ಒಂದು ಫಂಕ್ಷನ್ ಕರೆದಂತೆ. ಒಂದು ಪುಟಕ್ಕೆ ಇನ್ನೂರು ಸಣ್ಣ ಕ್ವೆರಿಗಳಾದರೂ ತೊಂದರೆಯಿಲ್ಲ ಎಂದು ಅದರ ಅಧಿಕೃತ ದಾಖಲೆಗಳೇ ವಿವರಿಸುತ್ತವೆ. ಅಂದರೆ ಕ್ವೆರಿಗಳ ಸಂಖ್ಯೆ ತಾನಾಗಿಯೇ ಪಾಪವಲ್ಲ, ಒಂದಾದ ಮೇಲೊಂದರಂತೆ ಸಾಲುಗಟ್ಟುವ ಓಡಾಟಗಳೇ ಪುಟವನ್ನು ನಿಧಾನ ಮಾಡುತ್ತವೆ.

ಓಡಾಟ ತಗ್ಗಿಸಲು ತಕ್ಷಣ ಹೊಳೆಯುವ ದಾರಿ ಜಾಯಿನ್. ಪುಸ್ತಕಗಳನ್ನು ಕೇಳುವಾಗಲೇ ಲೇಖಕರ ಟೇಬಲ್ಲನ್ನೂ ಸೇರಿಸಿ ಕೇಳಿದರೆ, ಪ್ರತಿ ಸಾಲಿನಲ್ಲೂ ಪುಸ್ತಕದ ಕಾಲಂಗಳ ಜೊತೆಗೆ ಲೇಖಕರ ಕಾಲಂಗಳೂ ಬರುತ್ತವೆ. ಐವತ್ತೊಂದು ಕ್ವೆರಿ ಒಂದಕ್ಕೆ ಇಳಿಯುತ್ತದೆ. ಒಂದು ಪುಸ್ತಕಕ್ಕೆ ಒಬ್ಬರೇ ಲೇಖಕರು ಎನ್ನುವಂಥ ಸಂಬಂಧಕ್ಕೆ ಇದು ಬಹುಮಟ್ಟಿಗೆ ಸರಿಯಾದ ಆಯ್ಕೆ, ಜ್ಯಾಂಗೋದಲ್ಲಿ ‘ಸೆಲೆಕ್ಟ್ ರಿಲೇಟೆಡ್’ ಮಾಡುವುದು ಇದನ್ನೇ. ಕೈಯಾರೆ ಬರೆಯುವವರು ಇಲ್ಲೊಂದು ಎಚ್ಚರ ವಹಿಸಬೇಕು: ಲೇಖಕರು ಯಾರೆಂದು ದಾಖಲಾಗದ ಪುಸ್ತಕಗಳಿದ್ದರೆ ಇನ್ನರ್ ಜಾಯಿನ್ ಅವುಗಳನ್ನು ಪಟ್ಟಿಯಿಂದಲೇ ಕೈಬಿಡುತ್ತದೆ. ಯಾವ ಎರರ್ ಕೂಡ ಬಾರದೆ ಪುಸ್ತಕಗಳು ಕಾಣೆಯಾಗುವ ಈ ತಪ್ಪು ಬಹಳ ದಿನ ಯಾರ ಗಮನಕ್ಕೂ ಬರುವುದಿಲ್ಲ. ಅಂಥಲ್ಲಿ ಲೇಖಕರಿಲ್ಲದ ಪುಸ್ತಕವನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಬೇಕು.

ಒಂದು ಪುಸ್ತಕಕ್ಕೆ ಅನೇಕ ವಿಮರ್ಶೆಗಳು ಎನ್ನುವ ಕಡೆ ಜಾಯಿನ್‌ನ ಲೆಕ್ಕವೇ ಬೇರೆ. ಪುಸ್ತಕಕ್ಕೆ 20 ವಿಮರ್ಶೆಗಳಿದ್ದರೆ ಜಾಯಿನ್ ಅದೇ ಪುಸ್ತಕದ ವಿವರವನ್ನು 20 ಸಾಲುಗಳಲ್ಲಿ ಮತ್ತೆ ಮತ್ತೆ ಕೊಡುತ್ತದೆ. ಅದೇ ಕ್ವೆರಿಯಲ್ಲಿ 4 ವಿಷಯಗಳನ್ನೂ ಸೇರಿಸಿದಿರಿ ಎನ್ನಿ. ವಿಮರ್ಶೆಗೂ ವಿಷಯಕ್ಕೂ ಪರಸ್ಪರ ಯಾವ ಸಂಬಂಧವೂ ಇಲ್ಲದ್ದರಿಂದ ಪ್ರತಿ ವಿಮರ್ಶೆಯೂ ಪ್ರತಿ ವಿಷಯದ ಜೊತೆ ಜೋಡಿಯಾಗಿ ಒಂದೊಂದು ಪುಸ್ತಕಕ್ಕೆ 80 ಸಾಲುಗಳು ಹುಟ್ಟುತ್ತವೆ. 50 ಪುಸ್ತಕಗಳಿಗೆ 4,000 ಸಾಲು. ನಮಗೆ ನಿಜಕ್ಕೂ ಬೇಕಾಗಿದ್ದದ್ದು 50 ಪುಸ್ತಕ, 1,000 ವಿಮರ್ಶೆ, 200 ವಿಷಯದ ಸಾಲು, ಒಟ್ಟು 1,250 ಮಾತ್ರ. ಪುಸ್ತಕದ ಪರಿಚಯ ಬರಹ ತಲಾ ಎರಡು ಕಿಲೋಬೈಟ್ ಇದ್ದರೆ, ನೂರು ಕಿಲೋಬೈಟ್‌ನಲ್ಲಿ ಮುಗಿಯಬೇಕಾದ ಬರಹ 80 ಪಟ್ಟು ನಕಲಾಗಿ ಎಂಟು ಮೆಗಾಬೈಟ್‌ನಷ್ಟು ನೆಟ್‌ವರ್ಕ್‌ನಲ್ಲಿ ಹರಿಯುತ್ತದೆ. ಆ ನಕಲುಗಳನ್ನೆಲ್ಲ ಬೇರ್ಪಡಿಸಿ, ಮೂಲದ ಐವತ್ತು ಆಬ್ಜೆಕ್ಟ್‌ಗಳಾಗಿ ಮಡಚುವ ಕೆಲಸ ಓಆರ್‌ಎಂನ ತಲೆಗೆ ಬೀಳುತ್ತದೆ. ಒಂದೇ ಕ್ವೆರಿ ಎಂಬ ಸಮಾಧಾನಕ್ಕೆ ಇಷ್ಟು ಬೆಲೆ ತೆರುವುದು ನನಗಂತೂ ಸರಿ ಕಾಣುವುದಿಲ್ಲ. ಮೈಕ್ರೋಸಾಫ್ಟ್‌ನ ಎಂಟಿಟಿ ಫ್ರೇಮ್‌ವರ್ಕ್ ಕೋರ್ 2020ರ ತನ್ನ 5ನೆಯ ಆವೃತ್ತಿಯಲ್ಲಿ ಕ್ವೆರಿಯನ್ನು ಒಡೆದು ಕಳುಹಿಸುವ ಸೌಲಭ್ಯವನ್ನು ಕೊಟ್ಟದ್ದು ಇದೇ ತೊಂದರೆಗಾಗಿ.

ಪುಟವಿಂಗಡಣೆಯಲ್ಲಿ ಇದು ಇನ್ನೂ ಕೆಡುತ್ತದೆ. ‘ಮೊದಲ 50’ ಎಂಬ ಲಿಮಿಟ್ ಎಣಿಸುವುದು ಸಾಲುಗಳನ್ನು, ಪುಸ್ತಕಗಳನ್ನಲ್ಲ. ಜಾಯಿನ್ ಆದ ಸಾಲುಗಳಿಗೆ ಅದನ್ನು ಹಾಕಿದರೆ ಒಂದೇ ಒಂದು ಪುಸ್ತಕ, ಅದೂ ಅರ್ಧ ವಿವರದೊಡನೆ ಬರಬಹುದು. ಈ ತಪ್ಪು ಆಗದಿರಲೆಂದು ಹೈಬರ್ನೇಟ್ ಲಿಮಿಟ್ಟನ್ನು ಕ್ವೆರಿಯಿಂದ ತೆಗೆದುಹಾಕಿ, ಎಲ್ಲ ಸಾಲುಗಳನ್ನೂ ಮೆಮೊರಿಗೆ ತಂದುಕೊಂಡು ಅಲ್ಲಿ ಕತ್ತರಿಸುತ್ತದೆ, ಲಾಗ್‌ನಲ್ಲಿ ಅದರ ಬಗ್ಗೆ ಒಂದು ಎಚ್ಚರಿಕೆಯನ್ನೂ ಬರೆಯುತ್ತದೆ. ಆ ಎಚ್ಚರಿಕೆಯನ್ನು ಕಡೆಗಣಿಸುವುದು ಅಪಾಯ. ಮೊದಲ ಕ್ವೆರಿಯಲ್ಲಿ ಪುಟಕ್ಕೆ ಬೇಕಾದ ಐವತ್ತು ಐಡಿಗಳನ್ನಷ್ಟೇ ತೆಗೆದುಕೊಂಡು, ಉಳಿದ ವಿವರವನ್ನು ಆ ಐಡಿಗಳಿಗೆ ಮಾತ್ರ ಕೇಳುವುದು ಕ್ಷೇಮ.

ಈ ಕೊನೆಯ ಮಾತಿನಲ್ಲೇ ಮೂರನೆಯ ದಾರಿ ಅಡಗಿದೆ, ಅನೇಕ ಸಂಬಂಧಗಳಿರುವ ಕಡೆ ನಾನು ಮೊದಲು ಕೈಹಾಕುವುದೂ ಇದಕ್ಕೇ: ಕಟ್ಟುಕಟ್ಟಾಗಿ ತರುವುದು. ಜ್ಯಾಂಗೋದ ‘ಪ್ರಿಫೆಚ್ ರಿಲೇಟೆಡ್’, ರೈಲ್ಸ್‌ನ ‘ಪ್ರಿಲೋಡ್’, ಲಾರಾವೆಲ್‌ನ ‘ವಿತ್’, ಎಸ್‌ಕ್ಯೂಎಲ್ ಆಲ್ಕೆಮಿಯ ‘ಸೆಲೆಕ್ಟ್ ಇನ್ ಲೋಡ್’ ಎಲ್ಲವೂ ಹೆಚ್ಚುಕಡಿಮೆ ಒಂದೇ ವಿಧಾನವನ್ನು ಅನುಸರಿಸುತ್ತವೆ. ಮೊದಲು ಐವತ್ತು ಪುಸ್ತಕಗಳು ಬರುತ್ತವೆ. ಓಆರ್‌ಎಂ ಅವುಗಳ ಐಡಿಗಳನ್ನು ಒಂದು ಪಟ್ಟಿಯಾಗಿ ಕೂಡಿಸಿ, ‘ಪುಸ್ತಕದ ಐಡಿ ಈ ಪಟ್ಟಿಯಲ್ಲಿರುವ ವಿಮರ್ಶೆಗಳನ್ನೆಲ್ಲ ಕೊಡು’ ಎಂದು ಎರಡನೆಯ ಕ್ವೆರಿ ಕಳುಹಿಸುತ್ತದೆ. ಬಂದ ಸಾವಿರ ವಿಮರ್ಶೆಗಳನ್ನು ಪುಸ್ತಕದ ಐಡಿಗೆ ತಕ್ಕಂತೆ ಗುಂಪು ಮಾಡಿ, ಒಂದೊಂದು ಗುಂಪನ್ನೂ ಅದರದರ ಪುಸ್ತಕದ ಆಬ್ಜೆಕ್ಟ್‌ಗೆ ಅಂಟಿಸುತ್ತದೆ. ವಿಷಯಗಳಿಗೆ ಮೂರನೆಯ ಕ್ವೆರಿ. ಪಟ್ಟಿಯಲ್ಲಿ 50 ಪುಸ್ತಕಗಳಿರಲಿ, 500 ಇರಲಿ, ಕ್ವೆರಿಗಳು ಮೂರೇ. ಯಾವ ಸಾಲೂ ನಕಲಾಗುವುದಿಲ್ಲ. ಇದರಲ್ಲಿ ಒಂದು ಸಣ್ಣ ಕೆಲಸವನ್ನು ಮಾತ್ರ ಸ್ವಂತವಾಗಿ ಬರೆಯುವವರು ಆಗಾಗ ಮರೆಯುತ್ತಾರೆ. ಒಂದೂ ವಿಮರ್ಶೆಯಿಲ್ಲದ ಪುಸ್ತಕಕ್ಕೆ ಖಾಲಿ ಪಟ್ಟಿಯನ್ನು ಅಂಟಿಸಲೇಬೇಕು. ಅಂಟಿಸದಿದ್ದರೆ ‘ಇಲ್ಲ’ ಮತ್ತು ‘ಇನ್ನೂ ತಂದಿಲ್ಲ’ ಎಂಬ ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸ ಅಳಿಸಿಹೋಗಿ, ಅಂಥ ಪ್ರತಿ ಪುಸ್ತಕಕ್ಕೂ ಮತ್ತೆ ಒಂದೊಂದು ಕ್ವೆರಿ ಓಡುತ್ತದೆ.

ಐಡಿಗಳ ಪಟ್ಟಿಗೂ ಒಂದು ಮಿತಿಯಿದೆ. ಎಸ್‌ಕ್ಯೂಎಲ್ ಸರ್ವರ್ ಒಂದು ಕ್ವೆರಿಗೆ ಐಡಿಯಂಥ 2,100 ಪ್ಯಾರಾಮೀಟರ್‌ಗಳನ್ನಷ್ಟೇ ಒಪ್ಪುತ್ತದೆ, ಒರಾಕಲ್‌ನಲ್ಲಿ ಬಹುಕಾಲ ಒಂದು ಪಟ್ಟಿಗೆ 1,000 ಎಂಬ ಗಡಿಯಿತ್ತು, ಪೋಸ್ಟ್‌ಗ್ರೆಸ್‌ನಲ್ಲಿ ಅದು 65,535. ಪಟ್ಟಿ ದೊಡ್ಡದಾದರೆ ಅದನ್ನು ಕಂತುಗಳಾಗಿ ಒಡೆಯಬೇಕು. ಆದರೆ ಒಂದು ವೆಬ್ ಪುಟಕ್ಕೆ ಸಾವಿರಾರು ಐಡಿಗಳು ಬೇಕಾಗುತ್ತಿವೆಯೆಂದರೆ ಮೊದಲು ತಿದ್ದಬೇಕಾದದ್ದು ಪುಟವಿಂಗಡಣೆಯನ್ನು.

ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಯಾದ ಇಂಡೆಕ್ಸ್ ಬಗ್ಗೆಯೂ ಇಲ್ಲೇ ಹೇಳಬೇಕು. ವಿಮರ್ಶೆಗಳ ಟೇಬಲ್‌ನಲ್ಲಿ ಪುಸ್ತಕದ ಐಡಿ ಇರುವ ಕಾಲಂಗೆ ಇಂಡೆಕ್ಸ್ ಇಲ್ಲದಿದ್ದರೆ, ಎಷ್ಟು ಜಾಣತನದಿಂದ ಕೇಳಿದರೂ ಡೇಟಾಬೇಸ್ ಇಡೀ ಟೇಬಲ್ಲನ್ನು ಓದಿಯೇ ಉತ್ತರ ಕೊಡಬೇಕಾಗುತ್ತದೆ. ಫಾರಿನ್ ಕೀ, ಅಂದರೆ ಈ ಐಡಿ ಇನ್ನೊಂದು ಟೇಬಲ್‌ನ ಸಾಲಿನದೇ ಆಗಿರಬೇಕು ಎಂಬ ಕಟ್ಟುಪಾಡು, ಹಾಕಿದರೆ ಇಂಡೆಕ್ಸ್ ತಾನಾಗಿ ಬರುತ್ತದೆ ಎಂಬ ನಂಬಿಕೆ ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿಗೆ ಸರಿಹೋಗುತ್ತದೆ, ಪೋಸ್ಟ್‌ಗ್ರೆಸ್‌ಗೆ ಸರಿಹೋಗುವುದಿಲ್ಲ. ಅಲ್ಲಿ ಆ ಇಂಡೆಕ್ಸನ್ನು ನಾವೇ ಮಾಡಬೇಕು, ಇಲ್ಲವೆ ಜ್ಯಾಂಗೋದಂಥ ಓಆರ್‌ಎಂ ನಮ್ಮ ಪರವಾಗಿ ಮಾಡಿರಬೇಕು.

ಮೊದಲೇ ತಂದಿಟ್ಟ ಮೇಲೂ ಓಡಾಟ ಮರಳಿ ನುಸುಳುವ ಜಾಗಗಳಿವೆ, ಅನುಭವಿಗಳೂ ಎಡವುವುದು ಇಲ್ಲಿಯೇ. ಜ್ಯಾಂಗೋದಲ್ಲಿ ವಿಮರ್ಶೆಗಳನ್ನು ಪ್ರಿಫೆಚ್ ಮಾಡಿ, ಆಮೇಲೆ ಲೂಪ್‌ನೊಳಗೆ ‘ಪ್ರಕಟವಾದವು ಮಾತ್ರ’ ಎಂದು ಫಿಲ್ಟರ್ ಹಾಕಿದರೆ, ಆ ಫಿಲ್ಟರ್ ಮೆಮೊರಿಯಲ್ಲಿರುವ ಪಟ್ಟಿಯನ್ನು ನೋಡದೆ ಹೊಸ ಕ್ವೆರಿಯನ್ನೇ ಕಳುಹಿಸುತ್ತದೆ. ಆಗ ಪ್ರಿಫೆಚ್‌ನ ಶ್ರಮವೂ ದಂಡ, ಐವತ್ತು ಕ್ವೆರಿಗಳೂ ಹಾಗೆಯೇ ಉಳಿಯುತ್ತವೆ. ಫಿಲ್ಟರನ್ನು ಪ್ರಿಫೆಚ್‌ನ ವಿವರಣೆಯಲ್ಲೇ ಹೇಳಬೇಕು. ರೈಲ್ಸ್‌ನಲ್ಲಿ ‘ಕೌಂಟ್’ ಎಂದರೆ ಪ್ರತಿ ಸಲವೂ ಡೇಟಾಬೇಸ್‌ನ ಬಳಿ ಎಣಿಸಿ ತರುವುದು, ‘ಸೈಜ್’ ಎಂದರೆ ಈಗಾಗಲೇ ತಂದಿರುವುದನ್ನು ಎಣಿಸುವುದು. ಒಂದು ಪದದ ಆಯ್ಕೆಯಲ್ಲಿ ಐವತ್ತು ಓಡಾಟಗಳು ನಿಂತಿವೆ. ಎಪಿಐಗಳಲ್ಲಿ ಆಬ್ಜೆಕ್ಟನ್ನು ಜೇಸನ್ ಎಂಬ ಪಠ್ಯರೂಪಕ್ಕೆ ಬದಲಿಸುವ ಸೀರಿಯಲೈಸರ್ ಇನ್ನೊಂದು ಬಿರುಕು. ಅದು ತನ್ನ ಪಟ್ಟಿಯಲ್ಲಿರುವ ಎಲ್ಲ ಫೀಲ್ಡ್‌ಗಳನ್ನೂ ಮುಟ್ಟುತ್ತದೆ. ಯಾರೋ ಒಬ್ಬರು ಅಲ್ಲಿಗೆ ಹೊಸದೊಂದು ಸಂಬಂಧವನ್ನು ಸೇರಿಸಿದರೆ, ಕ್ವೆರಿ ಬರೆದ ಕಡತದಲ್ಲಿ ಏನೂ ಬದಲಾಗದೆಯೇ ಪುಟ ನಿಧಾನವಾಗುತ್ತದೆ.

ಕೆಲವೊಮ್ಮೆ ಸಂಬಂಧಿತ ದಾಖಲೆಗಳನ್ನು ತರುವ ಅಗತ್ಯವೇ ಇರುವುದಿಲ್ಲ. ‘20 ವಿಮರ್ಶೆಗಳು’ ಎಂಬ ಸಂಖ್ಯೆಯನ್ನಷ್ಟೇ ತೋರಿಸಲು ಇಪ್ಪತ್ತೂ ವಿಮರ್ಶೆಗಳನ್ನು ತರಿಸಿಕೊಂಡು ಎಣಿಸುವುದು ವ್ಯರ್ಥ, ಎಣಿಸುವ ಕೆಲಸವನ್ನು ಡೇಟಾಬೇಸ್‌ಗೇ ಬಿಡಬೇಕು. ಬಿಡುವಾಗ ಹಿಂದೆ ಹೇಳಿದ ಗುಣಾಕಾರವನ್ನು ನೆನಪಿಡಬೇಕು: ವಿಮರ್ಶೆ ಮತ್ತು ವಿಷಯ ಎರಡನ್ನೂ ಜಾಯಿನ್ ಮಾಡಿ ಒಂದೇ ಏಟಿಗೆ ಎಣಿಸಿದರೆ ಪುಸ್ತಕದ ಪಕ್ಕ 20 ಮತ್ತು 4ರ ಬದಲು 80 ಮತ್ತು 80 ಎಂದು ಬರುತ್ತದೆ. ನಿಧಾನವಾದ ಪುಟ ಕಿರಿಕಿರಿ ತರುತ್ತದೆ, ತಪ್ಪು ಸಂಖ್ಯೆ ತೋರಿಸುವ ಪುಟ ನಂಬಿಕೆಯನ್ನೇ ಕಳೆಯುತ್ತದೆ. ಎರಡು ಎಣಿಕೆಗಳನ್ನು ಎರಡು ಬೇರೆ ಸಬ್‌ಕ್ವೆರಿಗಳಲ್ಲಿ ಮಾಡಿಸಿದರೆ ಈ ತಪ್ಪಿಗೆ ಎಡೆಯಿರುವುದಿಲ್ಲ. ‘ಪ್ರತಿ ಪುಸ್ತಕಕ್ಕೂ ಇತ್ತೀಚಿನ ಮೂರು ವಿಮರ್ಶೆ ಮಾತ್ರ’ ಎಂಬ ಬೇಡಿಕೆಯೂ ಹೀಗೆಯೇ ತೊಡಕಿನದು. ಕಟ್ಟುಕಟ್ಟಾಗಿ ತರುವ ಕ್ವೆರಿಗೆ ಲಿಮಿಟ್ 3 ಎಂದು ಹಾಕಿದರೆ ಐವತ್ತೂ ಪುಸ್ತಕಗಳಿಗೆ ಸೇರಿ ಮೂರೇ ವಿಮರ್ಶೆಗಳು ಬರುತ್ತವೆ. ಇಲ್ಲಿ ಬೇಕಾದದ್ದು ವಿಂಡೋ ಫಂಕ್ಷನ್: ಪ್ರತಿ ಪುಸ್ತಕದೊಳಗೆ ವಿಮರ್ಶೆಗಳಿಗೆ ದಿನಾಂಕದ ಪ್ರಕಾರ ಕ್ರಮಸಂಖ್ಯೆ ಕೊಟ್ಟು, ಮೂರರವರೆಗಿನದನ್ನು ಉಳಿಸಿಕೊಳ್ಳುವುದು. ಪೋಸ್ಟ್‌ಗ್ರೆಸ್‌ನಲ್ಲಿ 2013ರ 9.3 ಆವೃತ್ತಿಯಿಂದ ಬಂದಿರುವ ಲ್ಯಾಟರಲ್ ಜಾಯಿನ್ ಕೂಡ ಇದೇ ಕೆಲಸ ಮಾಡುತ್ತದೆ, ಸರಿಯಾದ ಇಂಡೆಕ್ಸ್ ಇದ್ದರೆ ಪ್ರತಿ ಪುಸ್ತಕಕ್ಕೂ ಮೂರು ಸಾಲು ಓದಿ ನಿಲ್ಲುತ್ತದೆ.

ಹಾಗಾದರೆ ಏನನ್ನು ಮೊದಲೇ ತರಬೇಕು ಎಂದು ಎಲ್ಲಿ ಬರೆಯಬೇಕು? ಜಾವಾದ ಓಆರ್‌ಎಂಗಳು ಅನುಸರಿಸುವ ಜೆಪಿಎ ಎಂಬ ಮಾನದಂಡದಲ್ಲಿ ಇದನ್ನು ಮಾದರಿಯ, ಅಂದರೆ ಟೇಬಲ್‌ಗೆ ಪ್ರತಿಯಾಗಿ ಬರೆದ ಕ್ಲಾಸ್‌ನ, ವ್ಯಾಖ್ಯೆಯಲ್ಲೇ ಬರೆಯಬಹುದು. ಅಷ್ಟೇ ಅಲ್ಲ, ಒಬ್ಬರೇ ಲೇಖಕರು ಎನ್ನುವಂಥ ಸಂಬಂಧಗಳನ್ನು ಅದು ತಾನಾಗಿಯೇ ‘ಈಗರ್’, ಅಂದರೆ ಯಾವಾಗಲೂ ಜೊತೆಗೇ ತರುವಂಥದ್ದು ಎಂದು ಎಣಿಸುತ್ತದೆ. ಇದು ತಪ್ಪು ಜಾಗ ಎಂಬುದು ನನ್ನ ಖಚಿತ ಅಭಿಪ್ರಾಯ. ಪುಸ್ತಕಕ್ಕೆ ಲೇಖಕರಿರುವುದು ಮಾದರಿಗೆ ಗೊತ್ತಿರಬೇಕಾದ ಸಂಗತಿ. ಈ ಪುಟಕ್ಕೆ ಲೇಖಕರ ಹೆಸರು ಬೇಕೋ ಬೇಡವೋ ಎಂಬುದು ಪುಟಕ್ಕೆ ಮಾತ್ರ ಗೊತ್ತಿರುವ ಸಂಗತಿ. ಪುಸ್ತಕದ ಶೀರ್ಷಿಕೆ ತಿದ್ದುವ ಪುಟಕ್ಕೆ ಲೇಖಕರೂ ಬೇಡ, ವಿಮರ್ಶೆಯೂ ಬೇಡ. ಆದ್ದರಿಂದ ಮಾದರಿಯಲ್ಲಿ ಎಲ್ಲವನ್ನೂ ಲೇಜಿ ಎಂದು ಇಟ್ಟು, ಒಂದೊಂದು ಪುಟದ ಕ್ವೆರಿಯಲ್ಲಿ ಅದಕ್ಕೆ ಬೇಕಾದ್ದನ್ನು ಹೆಸರಿಸಿ ತರಿಸಿಕೊಳ್ಳುವುದು ಒಳ್ಳೆಯದು. ಹಾಗೆ ಹೆಸರಿಸದೆ ಮುಟ್ಟಿದರೆ ಸುಮ್ಮನೆ ಕ್ವೆರಿ ಕಳುಹಿಸುವ ಬದಲು ಎರರ್ ಕೊಡು ಎಂದು ಓಆರ್‌ಎಂಗೆ ಹೇಳಲೂ ಸಾಧ್ಯವಿದೆ: ರೈಲ್ಸ್ 2020ರ 6.1 ಆವೃತ್ತಿಯಲ್ಲಿ ‘ಸ್ಟ್ರಿಕ್ಟ್ ಲೋಡಿಂಗ್’ ತಂದಿತು, ಎಸ್‌ಕ್ಯೂಎಲ್ ಆಲ್ಕೆಮಿಯಲ್ಲಿ ‘ರೇಸ್ ಲೋಡ್’ ಇದೆ, ಲಾರಾವೆಲ್‌ನಲ್ಲೂ ಲೇಜಿ ಲೋಡಿಂಗ್ ತಡೆಯುವ ಆಯ್ಕೆಯಿದೆ. ಡೆವಲಪ್‌ಮೆಂಟ್‌ನಲ್ಲಿ ಇದನ್ನು ಮೊದಲ ದಿನದಿಂದಲೇ ಹಾಕಿಟ್ಟರೆ ಮುಂದಿನ ಎಷ್ಟೋ ತಲೆನೋವು ತಪ್ಪುತ್ತದೆ.

ಎಪಿಐಗಳಿಗೆಂದು ಇರುವ ಕ್ವೆರಿ ಭಾಷೆಯಾದ ಗ್ರಾಫ್‌ಕ್ಯೂಎಲ್‌ನಲ್ಲಿ ಈ ಸಲಹೆ ಪೂರ್ತಿಯಾಗಿ ನಡೆಯುವುದಿಲ್ಲ, ಏಕೆಂದರೆ ಏನು ಬೇಕೆಂದು ತೀರ್ಮಾನಿಸುವುದು ಅಲ್ಲಿ ಸರ್ವರ್ ಅಲ್ಲ, ಕೇಳುವ ಕ್ಲೈಂಟ್. ಪ್ರತಿ ಫೀಲ್ಡ್‌ಗೂ ಒಂದೊಂದು ಫಂಕ್ಷನ್ ಪ್ರತ್ಯೇಕವಾಗಿ ಓಡುವುದರಿಂದ ಐವತ್ತು ಪುಸ್ತಕಗಳ ಲೇಖಕರನ್ನು ಐವತ್ತು ಫಂಕ್ಷನ್‌ಗಳು ಒಂದಕ್ಕೊಂದು ತಿಳಿಯದೆ ಕೇಳುತ್ತವೆ. 2015ರಲ್ಲಿ ಗ್ರಾಫ್‌ಕ್ಯೂಎಲ್ಲನ್ನು ಹೊರಗೆ ಬಿಟ್ಟ ಫೇಸ್‌ಬುಕ್, ಇದಕ್ಕಾಗಿಯೇ ಡೇಟಾಲೋಡರ್ ಎಂಬ ಪುಟ್ಟ ಲೈಬ್ರರಿಯನ್ನೂ ಬಿಡುಗಡೆ ಮಾಡಿತು. ಅದು ಬಂದ ಕೋರಿಕೆಯನ್ನು ಕೂಡಲೇ ಕಳುಹಿಸದೆ, ಈವೆಂಟ್ ಲೂಪ್‌ನ ಒಂದು ಸುತ್ತು ಮುಗಿಯುವವರೆಗೆ ಐಡಿಗಳನ್ನು ಕೂಡಿಟ್ಟುಕೊಂಡು, ಎಲ್ಲಕ್ಕೂ ಸೇರಿ ಒಂದೇ ಕ್ವೆರಿ ಮಾಡುತ್ತದೆ. ಕೇಳಿದ ಕ್ರಮದಲ್ಲೇ ಉತ್ತರಗಳನ್ನು ವಾಪಸ್ ಕೊಡುವುದು ಅದರ ಕರಾರು. ಡೇಟಾಬೇಸ್ ಮಾತ್ರ ಆ ಕ್ರಮವನ್ನು ಕಾಪಾಡುವುದಿಲ್ಲವಾದ್ದರಿಂದ ಜೋಡಿಸುವ ಹೊಣೆ ನಮ್ಮದು, ಅದನ್ನು ಮರೆತರೆ ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರ ಹೆಸರು ಬೀಳುತ್ತದೆ. ಒಮ್ಮೆ ತಂದದ್ದನ್ನು ಅದು ನೆನಪಿನಲ್ಲಿಟ್ಟುಕೊಳ್ಳುವುದರಿಂದ ಪ್ರತಿ ರಿಕ್ವೆಸ್ಟ್‌ಗೂ ಹೊಸ ಡೇಟಾಲೋಡರ್ ಮಾಡಿಕೊಳ್ಳಬೇಕು. ಒಬ್ಬ ಬಳಕೆದಾರರಿಗೆ ತಂದ ದಾಖಲೆ ಇನ್ನೊಬ್ಬರಿಗೆ ಕಾಣಿಸಬಾರದು.

ಇನ್ನು ಪತ್ತೆಯ ಮಾತು. ನಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ ಈ ಸಮಸ್ಯೆ ಕಾಣಿಸುವುದೇ ಇಲ್ಲ, ಏಕೆಂದರೆ ಅಲ್ಲಿ ಡೇಟಾಬೇಸ್ ಪಕ್ಕದಲ್ಲೇ ಇರುತ್ತದೆ, ಪರೀಕ್ಷೆಗೆಂದು ಹಾಕಿದ ಪುಸ್ತಕಗಳೂ ನಾಲ್ಕೈದೇ ಇರುತ್ತವೆ. ಪ್ರೊಡಕ್ಷನ್‌ನಲ್ಲಿ ನಿಧಾನ ಕ್ವೆರಿಗಳ ಲಾಗ್ ನೋಡಿದರೂ ಸಿಗುವುದಿಲ್ಲ: ಮೈಎಸ್‌ಕ್ಯೂಎಲ್‌ನಲ್ಲಿ ಆ ಲಾಗ್‌ಗೆ ಸೇರಲು ಕ್ವೆರಿಯೊಂದು ಮೂಲ ಹೊಂದಾಣಿಕೆಯಂತೆ 10 ಸೆಕೆಂಡ್ ಮೀರಬೇಕು, ನಮ್ಮ ಐವತ್ತು ಕ್ವೆರಿಗಳಲ್ಲಿ ಒಂದೊಂದೂ ಮಿಲಿಸೆಕೆಂಡ್‌ನಲ್ಲಿ ಮುಗಿಯುತ್ತದೆ. ಪೋಸ್ಟ್‌ಗ್ರೆಸ್‌ನ ‘ಪಿಜಿ ಸ್ಟಾಟ್ ಸ್ಟೇಟ್‌ಮೆಂಟ್ಸ್’ ಇಲ್ಲಿ ಹೆಚ್ಚು ನೆರವಾಗುತ್ತದೆ. ಅದು ಕ್ವೆರಿಯೊಳಗಿನ ಸಂಖ್ಯೆಗಳನ್ನು ತೆಗೆದು ಒಂದೇ ರೂಪದವನ್ನು ಒಟ್ಟು ಮಾಡಿ, ಎಷ್ಟು ಸಲ ಓಡಿತೆಂದು ಎಣಿಸಿಡುತ್ತದೆ. ಸರಾಸರಿ ಸಮಯದ ಕಾಲಂ ಬಿಟ್ಟು ಈ ಎಣಿಕೆಯ ಪ್ರಕಾರ ಇಳಿಕೆಯ ಕ್ರಮದಲ್ಲಿ ಜೋಡಿಸಿ ನೋಡಿದರೆ, ಲೇಖಕರನ್ನು ಒಬ್ಬೊಬ್ಬರಾಗಿ ಕೇಳುವ ಆ ಪುಟ್ಟ ಕ್ವೆರಿ ಮೇಲೆಯೇ ಇರುತ್ತದೆ. ತಿದ್ದಿದ ಮೇಲೆ ಅದು ಮರಳದಂತೆ ಟೆಸ್ಟ್ ಬರೆದಿಡಬೇಕು. ಜ್ಯಾಂಗೋದಲ್ಲಿ ಕ್ವೆರಿಗಳನ್ನು ಎಣಿಸಲೆಂದೇ ‘ಅಸರ್ಟ್ ನಮ್ ಕ್ವೆರೀಸ್’ ಇದೆ. ಅದರಲ್ಲಿ ಮೂರು ಎಂದೋ ನಾಲ್ಕು ಎಂದೋ ಸಂಖ್ಯೆ ಬರೆದರೆ ಲಾಗಿನ್‌ಗೆ ಒಂದು ಕ್ವೆರಿ ಹೆಚ್ಚಾದಾಗಲೆಲ್ಲ ಟೆಸ್ಟ್ ಮುರಿಯುತ್ತದೆ. ಅದಕ್ಕಿಂತ, ಎರಡು ಪುಸ್ತಕಗಳಿದ್ದಾಗ ಪುಟಕ್ಕೆ ಎಷ್ಟು ಕ್ವೆರಿ ಆಯಿತೋ ಇಪ್ಪತ್ತು ಪುಸ್ತಕಗಳಿದ್ದಾಗಲೂ ಅಷ್ಟೇ ಆಗಬೇಕು ಎಂದು ಪರೀಕ್ಷಿಸುವುದು ನನಗೆ ಹೆಚ್ಚು ಹಿಡಿಸಿದೆ. ಆ ಪುಸ್ತಕಗಳಿಗೆ ಬೇರೆ ಬೇರೆ ಲೇಖಕರನ್ನು ಕೊಡಬೇಕು, ಒಂದೆರಡು ಪುಸ್ತಕಗಳನ್ನು ವಿಮರ್ಶೆಯಿಲ್ಲದೆ ಬಿಡಬೇಕು, ಒಂದಕ್ಕಾದರೂ ಲೇಖಕರು ಇಲ್ಲದಿರಬೇಕು.